ಸಂಬಳ ಕೇಳುವುದೂ ಫಲತ್ಯಾಗವೂ

ಹೊಸ ಕೆಲಸ ಒಪ್ಪಿಕೊಳ್ಳುವ ಮುನ್ನ ಇಷ್ಟು ಸಂಬಳ ಬೇಕೆಂದು ಕೇಳಿದರೆ ಅದು ಫಲಾಪೇಕ್ಷೆಯಾಗುತ್ತದೆಯೇ? ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಮನೆಗಳಲ್ಲಿ ಮಕ್ಕಳಿಗೆ ಬೆಂಗಳೂರಿನ ಕಂಪನಿಯಿಂದ ಆಫರ್ ಲೆಟರ್ ಬಂದಾಗ ಈ ಪ್ರಶ್ನೆ ಏಳುತ್ತದೆ. ‘ಕೊಟ್ಟಷ್ಟು ತಗೊ, ಮೊದ್ಲು ಸೇರ್ಕೊ’ ಎನ್ನುವ ಹಿರಿಯರ ಬೆನ್ನಿಗೆ, ಫಲದ ಆಸೆ ಬಿಡು ಎನ್ನುವ ಗೀತೆಯ ಎರಡನೆಯ ಅಧ್ಯಾಯವೂ ನಿಲ್ಲುತ್ತದೆ. ಆದರೆ ಗೀತೆ ಅಲ್ಲಿ ತಿದ್ದುವುದು ಕೆಲಸ ಮಾಡುವವನ ಮನಸ್ಸನ್ನು. ಕೂಲಿ ಕೊಡಬೇಕಾದವನು ಕೈ ಬಿಗಿಹಿಡಿಯುವುದಕ್ಕೆ ಅದರಲ್ಲಿ ಅಪ್ಪಣೆಯಿಲ್ಲ.

ಈ ವಿಷಯದಲ್ಲಿ ಅತ್ಯಂತ ನೇರವಾಗಿ ಮಾತಾಡಿದ ಶಾಸ್ತ್ರ ಮೀಮಾಂಸೆ. ಶಂಕರರ ನಂತರ ಶೃಂಗೇರಿ ಪೀಠದಲ್ಲಿ ಕುಳಿತ ಸುರೇಶ್ವರಾಚಾರ್ಯರು ಪೂರ್ವಾಶ್ರಮದಲ್ಲಿ ಮಂಡನಮಿಶ್ರರೆಂಬ ಮೀಮಾಂಸಕರಾಗಿದ್ದರೆಂದು ಸಂಪ್ರದಾಯ ಹೇಳುತ್ತದೆ; ಹಾಗಾಗಿ ಈ ಊರಿಗೆ ಆ ಶಾಸ್ತ್ರ ಹೊರಗಿನದಲ್ಲ. ಯಾಗದಲ್ಲಿ ಋತ್ವಿಜರಿಗೆ ಕೊಡುವ ದಕ್ಷಿಣೆ ಬರೀ ಪುಣ್ಯಕ್ಕೆಂದು ಕೊಡುವ ದಾನವೇ ಎಂದು ಮೀಮಾಂಸೆಯ ಮೂಲಗ್ರಂಥವಾದ ಜೈಮಿನಿ ಸೂತ್ರ ಚರ್ಚಿಸಿ, ಅಲ್ಲ, ಅದು ಅವರ ದುಡಿಮೆಯನ್ನು ಪಡೆಯಲು ಕೊಡುವ ಪ್ರತಿಫಲ ಎಂದು ತೀರ್ಮಾನಿಸುತ್ತದೆ. ಆಶ್ವಲಾಯನ ಗೃಹ್ಯಸೂತ್ರವಂತೂ ಯಾಗಕ್ಕೆ ಕರೆಬಂದಾಗ ಯಾಗ ಯಾವುದು, ಜೊತೆಯ ಋತ್ವಿಜರು ಯಾರು, ದಕ್ಷಿಣೆ ಏನು ಎಂದು ವಿಚಾರಿಸಲು ಹೇಳುತ್ತದೆ. ದಕ್ಷಿಣೆ ತೀರಾ ಕಡಿಮೆಯಾದರೆ ಒಪ್ಪಬೇಡ ಎಂದೂ ಹೇಳುತ್ತದೆ. ಯಜ್ಞದಂಥ ಕರ್ಮದಲ್ಲೇ ಮೊದಲು ಕೇಳುವುದು ತಪ್ಪಲ್ಲದಿದ್ದ ಮೇಲೆ ಕಚೇರಿಯ ಕೆಲಸಕ್ಕೆ ಕೇಳುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಇದಕ್ಕೆದುರಾಗಿ ಮನುಸ್ಮೃತಿ ಸಂಬಳ ಗೊತ್ತುಮಾಡಿಕೊಂಡು ವೇದ ಕಲಿಸುವವನನ್ನು ಹಳಿಯುತ್ತದೆ. ಆಕ್ಷೇಪಣೆ ಗಂಭೀರವಾದದ್ದೇ. ಆದರೆ ಕೇಳದೆ ಕಲಿಸಿದವರ ಒಲೆ ಹೇಗೆ ಉರಿಯುತ್ತಿತ್ತು ಎಂಬುದನ್ನೂ ನೋಡಬೇಕು. 1346ರಲ್ಲಿ ವಿಜಯನಗರದ ಹರಿಹರನೂ ಅವನ ಸೋದರರೂ ಶೃಂಗೇರಿಯ ಭಾರತೀತೀರ್ಥರಿಗೆ, ಅವರ ಶಿಷ್ಯರಿಗೆ ಭೂಮಿ ಬಿಟ್ಟರು. ಅಂಥ ದತ್ತಿಯಿದ್ದವರು ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಇದೇ ಮಲೆನಾಡಿನಲ್ಲಿ ಜೀತಕ್ಕಿದ್ದವರೂ ಕೇಳುತ್ತಿರಲಿಲ್ಲ, ಕೇಳುವ ಹಕ್ಕೇ ಅವರಿಗಿರಲಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಆ ಬಾಳನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾರೆ. ಜೀತಪದ್ಧತಿಯನ್ನು ರದ್ದುಮಾಡಿದ ಕೇಂದ್ರದ ಕಾನೂನು ಬಂದದ್ದು 1976ರಲ್ಲಿ. ಒಬ್ಬರ ಮೌನ ವೈರಾಗ್ಯ, ಇನ್ನೊಬ್ಬರದು ನಿರ್ಬಂಧ. ದತ್ತಿಯೂ ಇಲ್ಲದ, ಜೀತವೂ ಅಲ್ಲದ ಇಂದಿನ ನೌಕರನಿಗೆ ಇವೆರಡೂ ಮಾದರಿಯಾಗಲಾರವು.

ಮಾದರಿ ಬೇಕಿದ್ದರೆ ಅಡಿಕೆ ತೋಟದಲ್ಲಿದೆ. ಕೊಯ್ಲಿಗೆ ಮೊದಲು, ಮರ ಹತ್ತಿ ಅಡಿಕೆಯ ಕೊನೆ (ಗೊನೆ) ಇಳಿಸುವ ಕೊನೆಗಾರ ಜಗಲಿಯಲ್ಲಿ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತಾ ಮಾತು ಶುರುಮಾಡುತ್ತಾನೆ: ದಿನಗೂಲಿಯೋ ಕೊನೆ ಲೆಕ್ಕವೋ, ಮಧ್ಯಾಹ್ನದ ಊಟ ಯಾರದ್ದು, ಕೆಳಗೆ ಹಗ್ಗ ಹಿಡಿಯುವವನ ಕೂಲಿ ಯಾರ ಲೆಕ್ಕಕ್ಕೆ, ಮಳೆ ಬಂದು ಮರ ಜಾರಿದರೆ ಆ ದಿನದ ಗತಿಯೇನು. ಎಲ್ಲ ತೀರ್ಮಾನವಾಗುವುದು ನೆಲದ ಮೇಲೆ. ಮರದ ತುದಿಯಲ್ಲಿ, ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ, ಕೂಲಿಯ ಚಿಂತೆ ತಲೆಯಲ್ಲಿದ್ದರೆ ಪ್ರಾಣಕ್ಕೇ ಅಪಾಯ. ಫಲತ್ಯಾಗ ಬದುಕಿನಲ್ಲಿ ಸಾಧ್ಯವಾಗುವ ದಾರಿ ಇದೇ. ಮೊದಲೇ ಬಗೆಹರಿದ ಸಂಬಳ ಮನಸ್ಸನ್ನು ಕೆಲಸಕ್ಕೆ ಬಿಟ್ಟುಕೊಡುತ್ತದೆ; ಬಾಯಿಮುಚ್ಚಿ ಒಪ್ಪಿದ ಸಂಬಳ ದಿನವೂ ಕೊರೆಯುತ್ತದೆ.

ಚೌಕಾಸಿಯಲ್ಲಿ ಹೇಳುವ ಮಾತು ನಿಜವಾಗಿರಬೇಕೇ ಎಂಬುದು ಇನ್ನೊಂದು ಪ್ರಶ್ನೆ. ಈಗಿನ ಸಂಬಳವೆಷ್ಟು ಎಂದು ಕಂಪನಿಯವರು ಕೇಳುತ್ತಾರೆ. ಹೆಚ್ಚಿಸಿ ಹೇಳುವವರಿದ್ದಾರೆ, ನಕಲಿ ಸಂಬಳಚೀಟಿ ತೋರಿಸುವವರೂ ಇದ್ದಾರೆ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯ ಜೈನ ಪರಂಪರೆಗೆ ಆಧಾರವಾದ ತತ್ತ್ವಾರ್ಥಸೂತ್ರ, ಗೃಹಸ್ಥನ ಸತ್ಯವ್ರತಕ್ಕೆ ಬರುವ ದೋಷಗಳಲ್ಲಿ ಸುಳ್ಳು ದಾಖಲೆ ಬರೆಯುವುದನ್ನೂ ಎಣಿಸುತ್ತದೆ. ನಕಲಿ ಚೀಟಿ ಅದರೊಳಗೇ ಬಂತು. ಹಳೆಯ ಸಂಬಳ ಹೇಳಲು ಇಷ್ಟವಿಲ್ಲ, ಈ ಕೆಲಸಕ್ಕೆ ಇಷ್ಟು ಬೇಕು ಎನ್ನುವುದು ಸುಳ್ಳಲ್ಲ. ಕಂಪನಿಗೂ ಇದೇ ಅಳತೆ: ಕೈಗೆ ಬರುವುದೆಷ್ಟೆಂಬುದನ್ನು ಮುಚ್ಚಿಟ್ಟು ಸಿಟಿಸಿಯ (ಕಂಪನಿಗೆ ತಗಲುವ ಒಟ್ಟು ವೆಚ್ಚದ) ದೊಡ್ಡ ಮೊತ್ತವನ್ನಷ್ಟೇ ಮುಂದಿಡುವುದು ಪ್ರಾಮಾಣಿಕ ವ್ಯವಹಾರವಲ್ಲ.

ಎಷ್ಟು ಕೇಳಬಹುದು ಎಂಬುದಕ್ಕೆ ಶರಣರು ಗಡಿ ಹಾಕಿದ್ದಾರೆ. ದಿನದ ಕಾಯಕಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಲಕ್ಕಮ್ಮ ತಿರುಗಿ ಕಳಿಸಿದ ಕಥೆ ನಾಡಿಗೆಲ್ಲ ಗೊತ್ತು. ಅವಳು ಒಪ್ಪದಿದ್ದದ್ದು ದುಡಿಮೆಗೆ ಮೀರಿದ ಪಾಲನ್ನು. ದುಡಿದದ್ದನ್ನು ಬಿಟ್ಟುಕೊಡೆಂದು ಅವಳು ಹೇಳಲಿಲ್ಲ.

ಮಾತು ಒಪ್ಪಿಗೆಯಾದ ಮೇಲೆ ಇಬ್ಬರೂ ಅದಕ್ಕೆ ಬದ್ಧರು. ಕೂಲಿ ಕೊಡದ ಒಡೆಯನಿಗೂ, ಕೂಲಿ ಪಡೆದು ಕೆಲಸ ಮಾಡದ ಆಳಿಗೂ ಕೌಟಿಲ್ಯನ ಅರ್ಥಶಾಸ್ತ್ರ ದಂಡ ವಿಧಿಸುತ್ತದೆ. ಮುಂಗಡ ಪಡೆದು ಇನ್ನೊಬ್ಬರ ತೋಟಕ್ಕೆ ಹೋದ ಕೊನೆಗಾರನನ್ನು ಮಲೆನಾಡಿನಲ್ಲಿ ಯಾರೂ ಒಪ್ಪುವುದಿಲ್ಲ. ಆಫರ್ ಲೆಟರಿಗೆ ಸಹಿ ಹಾಕಿ, ಅದನ್ನೇ ತೋರಿಸಿ ಬೇರೆ ಕಂಪನಿಯಲ್ಲಿ ಸಂಬಳ ಏರಿಸಿಕೊಂಡು, ಸೇರುವ ದಿನ ಫೋನ್ ಎತ್ತದಿರುವುದೂ ಅದೇ ಬಗೆಯ ತಪ್ಪು. ಕೇಳುವ ಹಕ್ಕು ಇರುವುದು ಸಹಿಗೆ ಮುಂಚೆ. ಸಹಿಯ ನಂತರ ಉಳಿಯುವುದು ಕೆಲಸ, ಮತ್ತು ಅದಕ್ಕೆ ಒಪ್ಪಿದಷ್ಟು ಕೂಲಿ.