ಬೀಗ ಹಾಕುವವರ ಹೊಣೆ

ದೀಪಾವಳಿಗೋ ಬೇಸಿಗೆ ರಜೆಗೋ ಊರಿಗೆ ಹೊರಡುವ ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಈಗ ಟಿಕೆಟ್ ಮಾಡಿಸುವ ಮೊದಲೇ ಒಂದು ಚರ್ಚೆ ಏಳುತ್ತದೆ. ಬೆಕ್ಕನ್ನು ಏನು ಮಾಡುವುದು? ಜೊತೆಗೆ ಒಯ್ಯುವುದೋ, ಮನೆಯಲ್ಲೇ ಬಿಟ್ಟು ಹೋಗುವುದೋ? ನಮ್ಮ ಅಜ್ಜ ಅಜ್ಜಿಯರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಮಲೆನಾಡಿನ ಒಂದು ಮನೆಯವರೆಲ್ಲ ಮದುವೆಗೆಂದು ಘಟ್ಟ ಇಳಿದರೂ ಬೆಕ್ಕಿಗೆ ಅಟ್ಟದಲ್ಲಿ ಇಲಿ ಇತ್ತು, ಕೊಟ್ಟಿಗೆಯಲ್ಲಿ ಹಾಲು ಕರೆಯಲು ಬಂದವರು ಇದ್ದರು, ಪಕ್ಕದ ಮನೆಯ ಒಲೆಕಟ್ಟೆ ಬೆಚ್ಚಗಿತ್ತು. ಹೆಂಚಿನ ಸಂದಿಯಿಂದ ಒಳಗೆ ಬರಲು, ಹೊರಗೆ ಹೋಗಲು ಅದು ಯಾರನ್ನೂ ಕಾಯಬೇಕಿರಲಿಲ್ಲ.

ಫ್ಲ್ಯಾಟಿನ ಬೆಕ್ಕಿಗೆ ಆ ಸಂದಿ ಇಲ್ಲ. ಬಾಲ್ಕನಿಗೆ ಬಲೆ ಹಾಕಿಸಿದ್ದೇವೆ, ಮುಂಬಾಗಿಲು ತೆರೆದಾಗ ಕಾಲು ಅಡ್ಡ ಇಡುತ್ತೇವೆ. ಅದೆಲ್ಲ ಅದರ ಒಳಿತಿಗೇ. ಮಹಡಿಯಿಂದ ಬೀಳಬಾರದು, ಗಾಡಿಗೆ ಸಿಗಬಾರದು, ಬೀದಿನಾಯಿಗಳ ಬಾಯಿಗೆ ಹೋಗಬಾರದು. ಆದರೆ ಬಲೆ ಕಟ್ಟಿಸಿದ ದಿನವೇ ಆ ಜೀವ ತನ್ನ ಹೊಟ್ಟೆಯನ್ನು ತಾನೇ ನೋಡಿಕೊಳ್ಳುವ ದಾರಿಯೂ ಮುಚ್ಚಿತು. ನಾನು ಹೇಳಹೊರಟಿರುವುದೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ಬೆಕ್ಕಿನ ಬಗ್ಗೆ ನಮಗಿರುವ ಹೊಣೆ ಹುಟ್ಟಿದ್ದು ಆ ಬೀಗದಿಂದ. ಪ್ರೀತಿ ಹೆಚ್ಚು ಕಡಿಮೆಯಾಗಬಹುದು, ಹೊಣೆ ಆಗುವುದಿಲ್ಲ. ನಮ್ಮ ದೇಶದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೂಡ ಹಸಿವು, ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಹೋಗುವುದನ್ನು ಅಪರಾಧವೆಂದಿದೆ. ನೀವು ಆ ಪ್ರಾಣಿಯನ್ನು ಮುದ್ದಿಸುತ್ತಿದ್ದಿರೋ ಇಲ್ಲವೋ ಎಂದು ಕಾಯ್ದೆ ಕೇಳುವುದಿಲ್ಲ.

ಹೊಣೆ ನಮ್ಮದೆಂದು ಒಪ್ಪಿದ ಕೂಡಲೇ ಬಾಯಿಗೆ ಬರುವ ಉತ್ತರ ಒಂದಿದೆ: "ಅದೂ ನಮ್ಮನೆ ಮಗುನೇ ಅಲ್ವಾ, ಬಿಟ್ಟು ಹೋಗೋದು ಹೇಗೆ?" ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಬೆಕ್ಕಿಗೂ ಮಗುವಿನ ದರದಲ್ಲಿ ಅರ್ಧ ಟಿಕೆಟ್ ಕೊಡುತ್ತಾರೆ. ದರ ನಿಗದಿ ಮಾಡುವುದಕ್ಕೆ ಆ ಹೋಲಿಕೆ ಸಾಕು, ನಿರ್ಧಾರ ಮಾಡುವುದಕ್ಕೆ ಸಾಲದು. ಅಳುವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು "ಇನ್ನೇನು ಬಂತು, ಅಜ್ಜಿ ಮನೆ ಬಂತು" ಎನ್ನಬಹುದು. ಅಜ್ಜಿ ಮನೆ ಎಂಬ ಮಾತಿಗೆ ಆ ಮಗುವಿನ ಮನಸ್ಸಿನಲ್ಲಿ ಒಂದು ಹಲಸಿನ ಮರ, ಒಂದು ಕರು, ಒಂದು ಉಂಡೆ ಬೆಲ್ಲ ಇರುತ್ತದೆ. ಬೆಕ್ಕಿಗೆ ನಾವು ಹೇಳಬಹುದಾದದ್ದು ಏನೂ ಇಲ್ಲ. ಎಲ್ಲಿಗೆ ಹೋಗುತ್ತಿದ್ದೇವೆ, ಎಷ್ಟು ಹೊತ್ತು, ಮತ್ತೆ ಈ ಮನೆಗೆ ಬರುತ್ತೇವೋ ಇಲ್ಲವೋ, ಒಂದನ್ನೂ ತಿಳಿಸಲಾಗದು. 2019ರಲ್ಲಿ ಜಪಾನಿನ ಸಂಶೋಧಕರು ಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಪದಗಳಿಂದ ಬೇರ್ಪಡಿಸಿ ಗುರುತಿಸುತ್ತವೆ ಎಂದು ತೋರಿಸಿದರು. ಹೆಸರು ತಿಳಿಯುತ್ತದೆ, ಸರಿ. ಗುರುವಾರ ಎಂಬುದು ತಿಳಿಯುವುದಿಲ್ಲ. ಒಪ್ಪಿಗೆ ಕೇಳಲಾಗದ, ಕಾರಣ ಹೇಳಲಾಗದ ಜೀವದ ಪರವಾಗಿ ತೀರ್ಮಾನ ಮಾಡುವುದು ಹೇಗೆ? ಬೆಕ್ಕಿನ ನೆಪದಲ್ಲಿ ನಮ್ಮೆದುರು ನಿಂತಿರುವ ನಿಜವಾದ ಪ್ರಶ್ನೆ ಇದು.

ಪರರ ಸುಖದುಃಖವನ್ನು ನಮ್ಮದರಂತೆ ಕಾಣಬೇಕೆಂಬ ಆತ್ಮೌಪಮ್ಯದ ಮಾತು ಗೀತೆಯಲ್ಲಿದೆ. ಬೇರೆ ಬೇರೆ ಧರ್ಮಗಳಲ್ಲೂ ಇದು ಬೇರೆ ಬೇರೆ ರೂಪದಲ್ಲಿ ಇದೆ. ಇದಕ್ಕಿಂತ ದೊಡ್ಡ ನೀತಿ ನನಗೆ ಗೊತ್ತಿಲ್ಲ. ಆದರೂ ಅವಸರದಲ್ಲಿ ಬಳಸಿದರೆ ಇದು ನಮ್ಮನ್ನು ದಾರಿ ತಪ್ಪಿಸುತ್ತದೆ. ಖಾಲಿ ಮನೆಯಲ್ಲಿ ಒಬ್ಬರನ್ನೇ ಬಿಟ್ಟು ಎಲ್ಲರೂ ಹಬ್ಬಕ್ಕೆ ಹೋದರೆ ನನಗೆ ಹೇಗಾದೀತು ಎಂದು ಕೇಳಿಕೊಂಡರೆ ಉತ್ತರ ತಕ್ಷಣ ಬರುತ್ತದೆ: ಸಂಕಟವಾಗುತ್ತದೆ, ಆದ್ದರಿಂದ ಬೆಕ್ಕನ್ನೂ ಕರೆದುಕೊಂಡು ಹೋಗಬೇಕು. ಇಲ್ಲಿ ನಾವು ಬೆಕ್ಕಿನ ಜಾಗದಲ್ಲಿ ಕೂತದ್ದು ನಮ್ಮ ಮನಸ್ಸನ್ನು ಜೊತೆಗೇ ಒಯ್ದು. ಹಬ್ಬ, ನೆಂಟರು, ಒಂಟಿತನ ಎಲ್ಲ ನಮ್ಮವು. ನನ್ನನ್ನು ಬೇರೆಯವರು ನಾನು ಇರುವ ಹಾಗೆ ಅರ್ಥಮಾಡಿಕೊಳ್ಳಲಿ ಎಂದು ನಾನು ಬಯಸುತ್ತೇನಷ್ಟೆ. ಆ ಬಯಕೆಯನ್ನೇ ಬೆಕ್ಕಿಗೂ ಅನ್ವಯಿಸಿದರೆ, ಅದು ಇರುವ ಹಾಗೆ ಅದನ್ನು ಅರ್ಥಮಾಡಿಕೊಳ್ಳುವುದು ನನ್ನ ಮೊದಲ ಕೆಲಸವಾಗುತ್ತದೆ.

ಹಾಗಾದರೆ ಅದು ಹೇಗಿದೆ? ಬೆಕ್ಕಿನ ಕೆನ್ನೆ, ಗದ್ದ, ಹಣೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ, ಸೋಫಾದ ಮೂಲೆಗೆ, ನಮ್ಮ ಮೊಣಕಾಲಿಗೆ ಕೆನ್ನೆ ಉಜ್ಜಿದಾಗಲೆಲ್ಲ ತನ್ನ ಗುರುತು ಬಿಟ್ಟು ಹೋಗುತ್ತದೆ. ನಾವು ಗುಡಿಸಿ ಒರೆಸಿದ ಮನೆಯ ಮೇಲೆ ನಮ್ಮ ಮೂಗಿಗೆ ನಿಲುಕದ ಇನ್ನೊಂದು ಮನೆಯನ್ನು ಅದು ದಿನವೂ ಕಟ್ಟುತ್ತಿರುತ್ತದೆ. ಹೊಸ ಪೀಠೋಪಕರಣ ಬಂದರೆ ಸುತ್ತು ಹಾಕಿ ಮೂಸುವುದು ಅದಕ್ಕೇ. ಅಪರಿಚಿತ ಜಾಗಕ್ಕೆ ಹೋದ ಬೆಕ್ಕು ಅಲ್ಲಿನ ಅಂಗಳ ಎಷ್ಟು ಚೆನ್ನಾಗಿದೆ ಎಂದು ನೋಡುವುದಿಲ್ಲ. ತನ್ನ ಗುರುತು ಒಂದೂ ಇಲ್ಲದ, ಬೇರೆ ಬೆಕ್ಕು ನಾಯಿಗಳ ಗುರುತೇ ತುಂಬಿರುವ ಜಾಗದಲ್ಲಿ ಅಡಗಲು ಮೂಲೆ ಹುಡುಕುತ್ತದೆ. ಕಾರಿನಲ್ಲಿ ಕ್ಯಾರಿಯರ್ ಒಳಗೆ ಕೂತ ಬೆಕ್ಕನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಕಣ್ಣಪಾಪೆ ಹಿಗ್ಗಿ ಕಣ್ಣೆಲ್ಲ ಕಪ್ಪಾಗಿರುತ್ತದೆ, ಕಿವಿ ಹಿಂದಕ್ಕೆ ಮಲಗಿರುತ್ತವೆ, ಜೊಲ್ಲು ಸೋರುತ್ತದೆ, ಬಾಯಿ ತೆರೆದು ಏದುಸಿರು ಬಿಡುತ್ತದೆ. ನಾಯಿ ಬಾಯ್ದೆರೆದು ತೇಕುವುದು ಸಹಜ, ಬೆಕ್ಕು ತೇಕುವುದು ಸಹಜವಲ್ಲ. ಎಳೆಯದರಿಂದ ರೂಢಿಮಾಡಿಸಿದ, ಕ್ಯಾರಿಯರ್ ಕಂಡರೆ ತಾನೇ ಒಳಗೆ ಹೋಗಿ ಮಲಗುವ ಬೆಕ್ಕುಗಳೂ ಇವೆ, ಅವುಗಳ ಲೆಕ್ಕ ಬೇರೆ.

"ನಾಯಿ ಮನುಷ್ಯರನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ" ಎನ್ನುತ್ತಾರೆ ಹಳ್ಳಿಯ ಹಿರಿಯರು. ಹಾಲಿನ ಗಡಿಗೆಗೆ ಬಾಯಿ ಹಾಕುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬಂದರೆ, ಬಿಟ್ಟವರಿಗಿಂತ ಮೊದಲೇ ಅದು ಮನೆ ಸೇರಿತ್ತೆಂಬ ಕಥೆ ಇಲ್ಲದ ಊರಿಲ್ಲ. ಈ ತಿಳಿವಳಿಕೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 2015ರಲ್ಲಿ ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು, ಮಗು ತಾಯಿಯನ್ನು ಆಸರೆಯಾಗಿ ಕಾಣುವಂತೆ ಬೆಕ್ಕು ಒಡೆಯನನ್ನು ಕಾಣುವುದಕ್ಕೆ ಪುರಾವೆ ಸಿಗಲಿಲ್ಲ ಎಂದರು. 2019ರಲ್ಲಿ ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ಇದಕ್ಕೆ ಎದುರಾದುದನ್ನು ಕಂಡರು. ಅವರು ನೋಡಿದ ಮರಿಗಳಲ್ಲಿ ಸುಮಾರು ಮೂರನೇ ಎರಡರಷ್ಟು, ಅಪರಿಚಿತ ಕೋಣೆಯಲ್ಲಿ ಒಡೆಯ ಮರಳಿ ಬಂದಾಗ ಸಮಾಧಾನಗೊಂಡು ಮತ್ತೆ ಕೋಣೆಯನ್ನು ಸುತ್ತಿ ನೋಡತೊಡಗಿದವು. ಬೆಕ್ಕು ನಮ್ಮನ್ನೂ ಹಚ್ಚಿಕೊಳ್ಳುತ್ತದೆ. ಆದರೆ ಹಚ್ಚಿಕೊಂಡಿರುವುದಕ್ಕೂ ಹೋದಲ್ಲೆಲ್ಲ ಹಿಂದೆ ಬರಲು ಬಯಸುವುದಕ್ಕೂ ವ್ಯತ್ಯಾಸವಿದೆ. ನಮ್ಮ ಕೆಲವು ದಿನಗಳ ಗೈರನ್ನು ಅದು ತನ್ನ ಗುರುತುಗಳ ನಡುವೆ ಕೂತು ತಾಳಿಕೊಳ್ಳಬಲ್ಲದು. ಮನೆ, ಮನುಷ್ಯರು ಎರಡೂ ಒಟ್ಟಿಗೆ ಕೈಬಿಟ್ಟರೆ ತಾಳುವುದು ಕಷ್ಟ. ಪ್ರವಾಸದಲ್ಲಿ ಮನೆ ಹೋಗುತ್ತದೆ, ಪ್ರಾಣಿಗಳ ಬೋರ್ಡಿಂಗಿನಲ್ಲಿ ಎರಡೂ ಹೋಗುತ್ತವೆ.

ನಮ್ಮ ಮೇಲಿನ ಮನೆಯವರು ಊರಿಗೆ ಹೋದಾಗ ಅವರ ಬೆಕ್ಕನ್ನು ನೋಡಿಕೊಳ್ಳುವ ಕೆಲಸ ನನ್ನದು. ಬೂದು ಬಣ್ಣದ, ಎಡಗಿವಿ ಸ್ವಲ್ಪ ಹರಿದ ಹೆಣ್ಣು ಬೆಕ್ಕು. ಮೊದಲ ಸಂಜೆ ಬೀಗ ತೆಗೆದು ಒಳಗೆ ಹೋದರೆ ಅದು ಕಾಣುವುದಿಲ್ಲ. ಮಂಚದ ಕೆಳಗೆ ಬಗ್ಗಿ ನೋಡಿದರೆ ಗೋಡೆಗೆ ಒತ್ತಿಕೊಂಡು ಕೂತ ಎರಡು ಹಸಿರು ಕಣ್ಣು. ನಾನು ನೀರು ಬದಲಿಸಿ, ಊಟ ಇಟ್ಟು, ಲಿಟರ್ ಟ್ರೇ ಬಾಚಿ, ಸುಮ್ಮನೆ ನೆಲದ ಮೇಲೆ ಕೂರುತ್ತೇನೆ. ಮರುದಿನ ಬೆಳಿಗ್ಗೆ ತಟ್ಟೆ ಖಾಲಿ. ಸಂಜೆಯ ಹೊತ್ತಿಗೆ ಬಾಗಿಲವರೆಗೆ ಬರುತ್ತದೆ, ಚೌಕಟ್ಟಿಗೆ ಕೆನ್ನೆ ಉಜ್ಜುತ್ತದೆ, ಆಮೇಲೆ ನನ್ನ ಚಪ್ಪಲಿಗೆ. ಹೋಗುವಾಗ ಆ ಮನೆಯಾಕೆ ತಾನು ಉಟ್ಟು ಬಿಟ್ಟ ಹತ್ತಿ ಸೀರೆಯೊಂದನ್ನು ಒಗೆಯದೆ ಕುರ್ಚಿಯ ಮೇಲೆ ಇಟ್ಟು ಹೋಗುತ್ತಾರೆ. ಬೆಕ್ಕು ಮಲಗುವುದು ಅದರ ಮೇಲೆಯೇ, ಸೆರಗಿನ ಭಾಗದಲ್ಲಿ. ಅವರಿಲ್ಲದ್ದು ಅದಕ್ಕೆ ಗೊತ್ತಾಗುತ್ತಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಅದು ತಿನ್ನುತ್ತದೆ, ಕಿಟಕಿಯಲ್ಲಿ ಕೂತು ಪಾರಿವಾಳ ನೋಡುತ್ತದೆ, ಮೈ ನೆಕ್ಕಿಕೊಳ್ಳುತ್ತದೆ. ಅದರ ದಿನ ಮುರಿದುಬಿದ್ದಿಲ್ಲ.

ಬಿಟ್ಟುಹೋಗುವುದು ಎಂದಾಗ ನನ್ನ ಮನಸ್ಸಿನಲ್ಲಿರುವುದು ಇಂಥ ಏರ್ಪಾಡು. "ಮೂರು ದಿನ ತಾನೆ, ಜಾಸ್ತಿ ಊಟ ಹಾಕಿಟ್ಟು ಹೋದರಾಯ್ತು" ಎನ್ನುವುದನ್ನು ನಾನು ಖಂಡಿತ ಒಪ್ಪಲಾರೆ. ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ, ಅದರಲ್ಲೂ ದಪ್ಪನೆಯ ಬೆಕ್ಕಾದರೆ, ಮೈಯ ಕೊಬ್ಬು ಯಕೃತ್ತಿಗೆ ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು. ಗಂಡು ಬೆಕ್ಕಿಗೆ ಮೂತ್ರ ಕಟ್ಟಿದರೆ ಒಂದೆರಡು ದಿನದಲ್ಲಿ ಸಾಯಬಹುದು, ಕಳವಳ ಅದಕ್ಕೆ ಒಂದು ಕಾರಣ. ತುಂಬಿದ ಬಟ್ಟಲು ಇದನ್ನು ಗಮನಿಸುವುದಿಲ್ಲ, ಮೊಬೈಲಿನಲ್ಲಿ ಕಾಣುವ ಕ್ಯಾಮೆರಾ ಗಮನಿಸಿದರೂ ಬೀಗ ತೆಗೆಯಲಾರದು. ಕೀಲಿಕೈ ಇರುವ ಒಬ್ಬ ಮನುಷ್ಯ ಬೇಕು, ದಿನವೂ ಬರಬೇಕು. ಮುಚ್ಚಿದ ಬಾಗಿಲನ್ನು ನಮ್ಮ ಪರವಾಗಿ ತೆರೆಯುವವರು ಸಿಗದಿದ್ದರೆ ನಮಗೆ ಬಾಗಿಲು ಮುಚ್ಚಿ ಹೋಗುವ ಹಕ್ಕಿಲ್ಲ.

ಎತ್ತಿಕೊಂಡು ಹೋಗುವುದು ಯಾವಾಗ ಸರಿ? ರಾಮಾನುಜರ ನಂತರ ಶ್ರೀವೈಷ್ಣವರು ಎರಡು ಕವಲಾದಾಗ ಶರಣಾಗತಿಯನ್ನು ವಿವರಿಸಲು ಎರಡು ಪ್ರಾಣಿಗಳು ಬಂದವು. ಕೋತಿಮರಿ ತಾಯಿಯನ್ನು ತಾನೇ ಅವಚಿಕೊಳ್ಳಬೇಕು ಎಂದರು ವಡಕಲೈಯವರು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ, ಮರಿ ಏನೂ ಮಾಡಬೇಕಿಲ್ಲ ಎಂದರು ತೆಂಕಲೈಯವರು. ಈ ಮಾರ್ಜಾಲ ನ್ಯಾಯವನ್ನು ಕೇಳಿದಾಗ ನನ್ನ ಗಮನ ಹೋಗುವುದು ಮರಿಗಿಂತ ಹೆಚ್ಚಾಗಿ ತಾಯಿಯ ಕಡೆಗೆ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂಬ ಮಾತು ನಮ್ಮಲ್ಲಿದೆ. ಅದು ಮರಿಯನ್ನು ಎತ್ತಿಕೊಂಡು ಅಟ್ಟದಿಂದ ಕಟ್ಟಿಗೆ ಕೊಟ್ಟಿಗೆಗೆ, ಅಲ್ಲಿಂದ ಭತ್ತದ ಕಣಜದ ಹಿಂದಕ್ಕೆ ಹೋಗುವುದು ಹಳೆಯ ಜಾಗ ಮರಿಗೆ ಸುರಕ್ಷಿತವಲ್ಲ ಎನ್ನಿಸಿದಾಗ. ತನ್ನ ತಿರುಗಾಟಕ್ಕೆ ಜೊತೆಯಿರಲಿ ಎಂದು ಅದು ಎತ್ತಿಕೊಳ್ಳುವುದಿಲ್ಲ, ಬೇಟೆಗೆ ಹೋಗುವಾಗ ಮರಿಯನ್ನು ಗೂಡಿನಲ್ಲೇ ಬಿಟ್ಟು ಹೋಗುತ್ತದೆ. ಒಪ್ಪಿಗೆ ಕೇಳಲಾಗದ ಜೀವವನ್ನು ಎತ್ತುವ ಅಧಿಕಾರ ಅದರ ಅಗತ್ಯದಿಂದ ಬರಬೇಕು, ಎತ್ತುವವರ ಆಸೆಯಿಂದ ಬರಕೂಡದು.

ಹೀಗೆ ನೋಡಿದರೆ ಹಲವು ಗಂಟುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಮನೆ ಬದಲಾಯಿಸುವಾಗ ಬೆಕ್ಕನ್ನು ಒಯ್ಯಲೇಬೇಕು, ಹಿಂದೆ ಉಳಿಯಲು ಅದಕ್ಕೆ ಮನೆಯೇ ಇಲ್ಲ. ದಿನಕ್ಕೆರಡು ಬಾರಿ ಇನ್ಸುಲಿನ್ ಬೇಕಾದ, ಮನೆಯವರ ಕೈಯಲ್ಲಿ ಮಾತ್ರ ಚುಚ್ಚಿಸಿಕೊಳ್ಳುವ ಬೆಕ್ಕನ್ನೂ ಬಿಡಲಾಗದು. ನೆರೆ ಬಂದಾಗ, ಗುಡ್ಡ ಕುಸಿದಾಗ ಕೇಳುವುದೇ ಬೇಡ. 2022ರಲ್ಲಿ ಯುಕ್ರೇನಿನ ಯುದ್ಧದಿಂದ ತಪ್ಪಿಸಿಕೊಂಡು ಬಂದ ಭಾರತೀಯ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ನಾಯಿ, ಬೆಕ್ಕುಗಳನ್ನು ಬಿಟ್ಟು ಬರಲೊಪ್ಪಲಿಲ್ಲ, ಕೇಂದ್ರ ಸರ್ಕಾರವೂ ಅವುಗಳನ್ನು ತರುವ ನಿಯಮಗಳನ್ನು ಆ ಸಂದರ್ಭಕ್ಕಾಗಿ ಸಡಿಲಿಸಿತು. ಅದು ತಾಯಿಬೆಕ್ಕು ಮಾಡುವ ಕೆಲಸವೇ.

ಜಗತ್ತು ಸುತ್ತಿದ ಬೆಕ್ಕುಗಳಿಲ್ಲವೇ ಎಂದು ಕೇಳುವವರು ಟ್ರಿಮ್‌ನ ಕಥೆಯನ್ನು ಪೂರ್ತಿ ನೋಡಬೇಕು. ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್‌ನ ಆ ಕಪ್ಪು ಬಿಳಿ ಬೆಕ್ಕು ಹುಟ್ಟಿದ್ದೇ ಹಡಗಿನಲ್ಲಿ, 1799ರಲ್ಲಿ. ಅವನ ಜೊತೆ ಆಸ್ಟ್ರೇಲಿಯಾ ಖಂಡವನ್ನೇ ಸುತ್ತಿ ಬಂತು, 1803ರ ಹಡಗು ಒಡೆತದಲ್ಲೂ ಬದುಕಿತು. ಅದಕ್ಕೆ ಹಡಗೇ ಮನೆ. ಸಮುದ್ರ ಚಲಿಸಿತೇ ಹೊರತು ಟ್ರಿಮ್ ಮನೆ ಬಿಟ್ಟಿರಲಿಲ್ಲ. ಮುಂದೆ ಮಾರಿಷಸ್‌ನಲ್ಲಿ ಫ್ರೆಂಚರು ಫ್ಲಿಂಡರ್ಸ್‌ನನ್ನು ಸೆರೆಯಲ್ಲಿಟ್ಟಾಗ ಬೆಕ್ಕೂ ನೆಲಕ್ಕಿಳಿಯಿತು, ಮತ್ತೆ ಅಲ್ಲೇ ಎಲ್ಲೋ ಕಾಣೆಯಾಯಿತು. ಸೆರೆಯಲ್ಲಿದ್ದಾಗಲೇ ಅವನು ಅದರ ನೆನಪಿಗೆ ಒಂದು ಪ್ರಬಂಧ ಬರೆದ.

ಇಷ್ಟಾಗಿಯೂ ಬೆಕ್ಕಿಲ್ಲದೆ ನಾಲ್ಕು ದಿನ ಇರಲಾರೆ ಎನ್ನುವವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಒಂಟಿಯಾಗಿ ಬದುಕುವ ಎಷ್ಟೋ ಜನರಿಗೆ ರಾತ್ರಿ ಕಾಲಬುಡದಲ್ಲಿ ಮಲಗುವ ಆ ಭಾರವೇ ಆಧಾರ. ಆ ಅಗತ್ಯ ನಿಜ, ಆದರೆ ಅದು ನಮ್ಮದು. ಅದನ್ನು ಬೆಕ್ಕಿನ ಅಗತ್ಯವೆಂದು ಹೇಳಿಕೊಳ್ಳುವಾಗ ಮಾತ್ರ ನನ್ನ ತಕರಾರು. ನಮ್ಮದೇ ಎಂದು ಒಪ್ಪಿಕೊಂಡರೆ ಅದರ ಬೆಲೆಯನ್ನು ಯಾರು ತೆರಬೇಕು ಎಂಬುದೂ ತಿಳಿಯುತ್ತದೆ. ನಾಲ್ಕು ದಿನದ ಪ್ರಯಾಣವನ್ನು ಎರಡಕ್ಕೆ ಇಳಿಸಬಹುದು. ಮನೆಯವರಲ್ಲಿ ಒಬ್ಬರು ಈ ಹಬ್ಬಕ್ಕೆ ಉಳಿದು ಇನ್ನೊಬ್ಬರು ಮುಂದಿನದಕ್ಕೆ ಉಳಿಯಬಹುದು. ಹದಿನೈದು ವರ್ಷದ, ಕಣ್ಣು ಮಂಜಾದ ಬೆಕ್ಕಿರುವ ಮನೆಯವರು ತಿಂಗಳ ಕಾಶಿಯಾತ್ರೆಯನ್ನು ಮುಂದಿನ ವರ್ಷಕ್ಕೆ ಹಾಕಬಹುದು. "ಒಂದು ಬೆಕ್ಕಿಗಾಗಿ ಇಷ್ಟೆಲ್ಲವೇ" ಎಂದು ನೆಂಟರು ಕೇಳುತ್ತಾರೆ. ಕೇಳಲಿ. ಬಾಗಿಲಿಗೆ ಬೀಗ ಹಾಕಿದವರು ಅವರಲ್ಲವಲ್ಲ.