ಹಿಂದೆ ಬರುವವನ ಹೆಜ್ಜೆ



ಬೆಟ್ಟ ಹತ್ತುವ ಗುಂಪಿನ ವೇಗವನ್ನು ಗೊತ್ತುಮಾಡಬೇಕಾದವರು ಯಾರು? ಮುಂದೆ ನಡೆಯುವವನೋ, ಎಲ್ಲರಿಗಿಂತ ಹಿಂದೆ ಉಳಿದವನೋ? ಇದೇನು ಮಹಾ ಪ್ರಶ್ನೆ, ಕಾಲಿನ ಬಲದ ಮಾತಲ್ಲವೇ ಎಂದು ನೀವು ಕೇಳಬಹುದು. ನನಗಂತೂ ಇದು ನ್ಯಾಯಕ್ಕೂ ಗೆಳೆತನಕ್ಕೂ ಸೇರಿದ ಪ್ರಶ್ನೆಯಾಗಿ ಕಾಣುತ್ತದೆ.

ಕುದುರೆಮುಖವನ್ನೇ ತೆಗೆದುಕೊಳ್ಳಿ. ನಮ್ಮ ಯುವಕರು ರಜೆ ಸಿಕ್ಕಾಗ ಗುಂಪು ಕಟ್ಟಿಕೊಂಡು ಹೋಗುವ ಬೆಟ್ಟ ಅದು. ಎತ್ತರ ಸುಮಾರು 1,890 ಮೀಟರ್. ಕಳಸದ ಕಡೆಯಿಂದ ಜೀಪಿನಲ್ಲಿ ಮುಳ್ಳೋಡಿಗೆ ಬಂದು, ಅಲ್ಲಿಂದ ನಡೆಯಬೇಕು. ಹೋಗಿಬರುವ ದಾರಿ ಸುಮಾರು 20 ಕಿಲೋಮೀಟರ್. ಹಳ್ಳಗಳನ್ನು ದಾಟಿ, ಒಂಟಿ ಮರ, ಲೋಬೋ ಮನೆ ಎಂದು ಕರೆಯುವ ಜಾಗಗಳನ್ನು ಹಾದು, ಶೋಲಾ ಕಾಡಿನೊಳಗೆ ನುಗ್ಗಿ, ಮತ್ತೆ ಹುಲ್ಲಿನ ಬೋಳುಗುಡ್ಡದ ಮೇಲೆ ಬಿಸಿಲಿಗೆ ಮೈಯೊಡ್ಡಬೇಕು. 1987ರಿಂದ ಇದು ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಬೇಕು, ರಾತ್ರಿ ಮೇಲೆ ತಂಗುವಂತಿಲ್ಲ. ಹತ್ತಿದವರು ಅದೇ ದಿನ ಇಳಿಯಲೇಬೇಕು. ಹಾಗಾಗಿ ಗಡಿಯಾರವೂ ಗುಂಪಿನಲ್ಲಿ ಒಬ್ಬ ಸದಸ್ಯನೇ!

ಈಗ ಐವರು ಗೆಳೆಯರು ಹೊರಟಿದ್ದೀರಿ ಎಂದುಕೊಳ್ಳಿ. ನಾಲ್ವರು ಚುರುಕು, ಒಬ್ಬನಿಗೆ ಮೊಣಕಾಲು ನೋವು. ನಾಲ್ವರು ಮುಂದೆ ಹೋಗಿ ಹಳ್ಳದ ಬಳಿ ಚೀಲ ಇಳಿಸುತ್ತೀರಿ. ನೀರು ಕುಡಿದು, ಕಿತ್ತಳೆ ಸುಲಿದು ತಿಂದು, ಹತ್ತು ನಿಮಿಷ ಕೂರುತ್ತೀರಿ. ಅಷ್ಟರಲ್ಲಿ ಐದನೆಯವನು ಏದುಸಿರು ಬಿಡುತ್ತಾ ಬಂದು ಸೇರುತ್ತಾನೆ. "ಬಂದೆಯಾ? ಸರಿ, ಹೊರಡೋಣ," ಎಂದು ನಾಲ್ವರೂ ಎದ್ದುಬಿಡುತ್ತೀರಿ. ಹೀಗೆ ಐದು ಸಲ ನಡೆಯಿತು ಎನ್ನಿ. ದಣಿವು ಕಡಿಮೆಯಿದ್ದವರಿಗೆ ಐವತ್ತು ನಿಮಿಷ ವಿಶ್ರಾಂತಿ ಸಿಕ್ಕಿತು. ಹೆಚ್ಚು ದಣಿದವನಿಗೆ ಒಂದು ನಿಮಿಷವೂ ಇಲ್ಲ. ಆದರೂ ಸಂಜೆ ಊಟಕ್ಕೆ ಕೂತಾಗ "ನಿನಗೋಸ್ಕರ ಎಷ್ಟು ಹೊತ್ತು ಕಾದೆವು ಗೊತ್ತಾ?" ಎಂದು ಕೇಳುವವರು ನೀವೇ. ಅವನು ತಲೆತಗ್ಗಿಸಿ ಕ್ಷಮೆಯನ್ನೂ ಕೇಳುತ್ತಾನೆ. ಉಪಕಾರ ಮಾಡಿದೆವೆಂದು ನಂಬಿಕೊಂಡೇ ಅನ್ಯಾಯ ಮಾಡಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ನನಗೆ ಸಿಕ್ಕಿಲ್ಲ. ಮನೆಯಲ್ಲೂ ಇದನ್ನು ಕಾಣುತ್ತೇವೆ. ಲೆಕ್ಕದಲ್ಲಿ ಹಿಂದುಳಿದ ಮಗು ಹೇಗೋ ಒಂದು ಪಾಠ ಮುಗಿಸಿ ಉಸಿರು ಬಿಡುವಷ್ಟರಲ್ಲಿ ನಾವು ಮುಂದಿನ ಪಾಠ ತೆಗೆದಿರುತ್ತೇವೆ.

ಅರಿಸ್ಟಾಟಲನು ತನ್ನ ನೀತಿಗ್ರಂಥದ 10 ಭಾಗಗಳಲ್ಲಿ ಎರಡನ್ನು ಪೂರ್ತಿಯಾಗಿ ಗೆಳೆತನಕ್ಕೇ ಮೀಸಲಿಟ್ಟಿದ್ದಾನೆ. ಲಾಭಕ್ಕಾಗಿ ಗೆಳೆತನ, ಸಂತೋಷಕ್ಕಾಗಿ ಗೆಳೆತನ, ಗೆಳೆಯನ ಒಳಿತಿಗಾಗಿಯೇ ಗೆಳೆತನ ಎಂದು ಮೂರು ಬಗೆ. (ಸೆಮಿನರಿಯಲ್ಲಿ ಪರೀಕ್ಷೆಗೆ ಇದು ಬಂದರೆ ಎಲ್ಲರಿಗೂ ಖುಷಿ, ನೆನಪಿಡುವುದು ಅಷ್ಟು ಸುಲಭ.) ಜೊತೆಯಲ್ಲಿ ಸಾಕಷ್ಟು ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಹಳೆಯ ಗಾದೆಯನ್ನೂ ಆತ ನೆನೆಯುತ್ತಾನೆ. ಬೆಟ್ಟದ ದಾರಿಯಲ್ಲಿ ಆ ಉಪ್ಪು ಬೆವರಿನಲ್ಲಿ ಸಿಗುತ್ತದೆ. ಬೆಳಿಗ್ಗೆ ಜೀಪಿನಲ್ಲಿ ಐವರೂ ಒಂದೇ ಹಾಡು ಹಾಡುವಾಗ ಯಾರದು ಯಾವ ಬಗೆಯ ಗೆಳೆತನ ಎಂದು ತಿಳಿಯುವುದಿಲ್ಲ.

ಮಧ್ಯಾಹ್ನ ಹನ್ನೆರಡೂವರೆ. ಶಿಖರ ಎದುರಿಗೇ ಕಾಣುತ್ತಿದೆ. "ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ," ಎನ್ನುತ್ತಾನೆ ಅವನು. ಅವನೇ ಹೇಳಿದನಲ್ಲ, ಇನ್ನೇನು ಎನ್ನುವಿರಾ? ನಾಚಿಕೆಯಿಂದ ಹೊರಟ ಒಪ್ಪಿಗೆಯನ್ನು ನಾನು ಒಪ್ಪಿಗೆ ಎಂದು ಎಣಿಸಲಾರೆ. ಅದು ಕಾಡುಕೋಣ ಓಡಾಡುವ ಕಾಡು. ಮಂಜು ಕವಿದರೆ ಹತ್ತು ಮಾರು ದೂರದ ದಾರಿಯೂ ಕಾಣದು. ಒಬ್ಬನನ್ನು ಒಂಟಿಯಾಗಿ ಬಿಡುವುದು ತಪ್ಪು, ಅವನು ಎಷ್ಟೇ ಬಾಯಿತುಂಬ ಹೇಳಿದರೂ.

2006ರ ಮೇ ತಿಂಗಳಲ್ಲಿ ಎವರೆಸ್ಟಿನಲ್ಲಿ ನಡೆದ ಎರಡು ಘಟನೆಗಳು ಇಲ್ಲಿ ನೆನಪಾಗುತ್ತವೆ. ಇಂಗ್ಲೆಂಡಿನ ಡೇವಿಡ್ ಶಾರ್ಪ್ ದಾರಿಬದಿಯ ಬಂಡೆಯ ಕೆಳಗೆ ಸಾಯುತ್ತಾ ಕುಳಿತಿದ್ದಾಗ ಸುಮಾರು 40 ಮಂದಿ ಅವರನ್ನು ದಾಟಿಹೋದರೆಂದು ವರದಿಯಾಯಿತು. ಎಡ್ಮಂಡ್ ಹಿಲರಿಯವರು ಇದನ್ನು ಕಟುವಾಗಿ ಖಂಡಿಸಿದರು. ಅಷ್ಟು ಎತ್ತರದಲ್ಲಿ ಇನ್ನೊಬ್ಬರನ್ನು ಹೊತ್ತು ಇಳಿಸುವುದು ಹೆಚ್ಚುಕಡಿಮೆ ಅಸಾಧ್ಯ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕೆಲವೇ ದಿನಗಳಲ್ಲಿ, ಸತ್ತರೆಂದು ಬಿಟ್ಟುಬಂದಿದ್ದ ಆಸ್ಟ್ರೇಲಿಯಾದ ಲಿಂಕನ್ ಹಾಲ್ ಜೀವಂತವಾಗಿರುವುದನ್ನು ಡ್ಯಾನ್ ಮಜೂರ್ ಅವರ ತಂಡ ಕಂಡಿತು. ಶಿಖರ ಕೆಲವೇ ಗಂಟೆಗಳ ದೂರದಲ್ಲಿತ್ತು. ಅವರು ಅದನ್ನು ಬಿಟ್ಟು ಹಾಲ್ ಅವರ ಬಳಿಯೇ ನಿಂತರು, ಹಾಲ್ ಬದುಕಿಕೊಂಡರು. ಕುದುರೆಮುಖದಲ್ಲಿ ನಮಗೆ ಎತ್ತರದ ನೆಪವೂ ಇಲ್ಲ.

ಹಾಗೆಂದು ಹಿಂದೆ ಉಳಿದವನಿಗೆ ಹೊಣೆಯೇ ಇಲ್ಲವೆಂದಲ್ಲ. ಮೊಣಕಾಲು ನೋವನ್ನು ಹಿಂದಿನ ರಾತ್ರಿಯೇ ಹೇಳಬೇಕಿತ್ತು. ಗೆಳೆಯರ ಮುಂದೆ ಸಣ್ಣವನಾಗುತ್ತೇನೆಂಬ ಭಯಕ್ಕೆ ಅದನ್ನು ಮುಚ್ಚಿಟ್ಟು ಬಂದವನು ಉಳಿದ ನಾಲ್ವರ ದಿನವನ್ನು ಅವರನ್ನು ಕೇಳದೆಯೇ ಖರ್ಚು ಮಾಡಿದಂತೆ. ಇದನ್ನು ಅವನಿಗೆ ಹೇಳುವುದೂ ಗೆಳೆತನವೇ, ಆದರೆ ಬೆಟ್ಟದ ಮೇಲಲ್ಲ, ಇಳಿದ ಮೇಲೆ.

ನೀವು ಮುಂದಿನ ಸಲ ಹೊರಡುವಾಗ ಎರಡು ಮಾತನ್ನು ಮುಳ್ಳೋಡಿಯಲ್ಲೇ ಆಡಿಕೊಳ್ಳಿ: ಎಷ್ಟು ಗಂಟೆಗೆ, ಎಲ್ಲೇ ಇದ್ದರೂ, ಹಿಂತಿರುಗುವುದು, ಯಾರಾದರೂ ನಿಲ್ಲಬೇಕಾಗಿ ಬಂದರೆ ಜೊತೆಗೆ ನಿಲ್ಲುವವರು ಯಾರು. ನಿಧಾನ ನಡೆಯುವವನನ್ನು ಎಲ್ಲರಿಗಿಂತ ಮುಂದೆ ಬಿಡಿ. ಹಿಂದೆ ಬರುವ ಚುರುಕು ಕಾಲಿನವರಿಗೆ ಮೊದಲ ಒಂದು ಗಂಟೆ ಹಿಂಸೆಯಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಜೊತೆಗೆ ನಿಲ್ಲಲು ಒಬ್ಬ ಮನಸಾರೆ ಮುಂದೆ ಬಂದರೆ ಉಳಿದ ಮೂವರು ಶಿಖರಕ್ಕೆ ಹೋಗಿ ಬರಲಿ, ಅದರಲ್ಲಿ ತಪ್ಪೇನೂ ಇಲ್ಲ. ಯಾರೂ ಬಾಯಿ ಬಿಡದಿದ್ದರೆ ಐವರೂ ಇಳಿಯಿರಿ. ಸಂಜೆಯೊಳಗೆ ಮುಳ್ಳೋಡಿ ತಲುಪಿದರೆ ಬಿಸಿ ಕಾಫಿಯಾದರೂ ಸಿಗುತ್ತದೆ.