ಅರ್ಜಿ ಬರೆಯಬಲ್ಲವರು

ದಕ್ಷಿಣ ಕನ್ನಡ ಜಿಲ್ಲೆಯ ಕಲ್ಲಡ್ಕ ಪೇಟೆಯ ಸುತ್ತಮುತ್ತ ಈಗ ಎಷ್ಟೋ ಮನೆಗಳಲ್ಲಿ ಕಾಲೇಜು ಮೊಬೈಲಿನೊಳಗಿದೆ. ಪಿಯುಸಿ ಮುಗಿಸಿ ಮದುವೆಯಾಗಿ ಓದು ನಿಲ್ಲಿಸಿದವರು, ಅಂಗಡಿಯಲ್ಲಿ ಬಿಲ್ಲು ಬರೆಯುವವರು, ಬೀಡಿ ಕಟ್ಟುತ್ತಲೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು ಪದವಿಗೆ ಓದುತ್ತಿದ್ದಾರೆ. 1996ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಶುರುವಾದಾಗ ದೂರಶಿಕ್ಷಣವೆಂದರೆ ಅಚ್ಚಿನ ಪಾಠಗಳ ಕಟ್ಟು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ವೇದಿಕೆ ‘ಸ್ವಯಂ’ ಬಂದ ಮೇಲೆ ಅಧ್ಯಾಪಕರೇ ಪರದೆಗೆ ಬಂದರು. ರಾಜ್ಯಶಾಸ್ತ್ರ ತೆಗೆದುಕೊಂಡವರು ಓದಬೇಕಾದ ವಿಷಯಗಳಲ್ಲಿ ರಾಜ್ಯ ಮತ್ತು ಸ್ಥಳೀಯ ಸರ್ಕಾರಗಳದ್ದೂ ಒಂದು.

ಗ್ರೀಸಿನ ಇತಿಹಾಸ ಓದುವವಳಿಗೆ ಗ್ರೀಸು ದೂರ. ಸ್ಥಳೀಯ ಸರ್ಕಾರದ ಪಾಠದಲ್ಲಿ ಬರುವ ಗ್ರಾಮ ಪಂಚಾಯತ್ ಮಾತ್ರ ಓದುವವಳ ಮನೆಯಿಂದ ಹೋಗಿ ಬರುವಷ್ಟು ಹತ್ತಿರ. ಗೋಳ್ತಮಜಲಿನದ್ದೋ ಬಾಳ್ತಿಲದ್ದೋ ಆಗಿರುತ್ತದೆ. ತಾಲೂಕು ಕಚೇರಿ ಬಿ.ಸಿ. ರೋಡಿನಲ್ಲಿದೆ, ಜಿಲ್ಲಾ ಪಂಚಾಯತ್ ಮಂಗಳೂರಿನಲ್ಲಿದೆ. ಹಾಗಾಗಿ ಬೇರೆ ಓದುಗಳಿಗೆ ಇಲ್ಲದ ಒಂದು ಹೊಣೆ ಈ ಓದಿಗಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇಷ್ಟು ತಿಳಿದ ಮೇಲೆ ಅದನ್ನು ಏನು ಮಾಡುತ್ತೀರಿ ಎಂಬ ಪ್ರಶ್ನೆ ಓದುವವರ ಎದುರು ಬಂದೇ ಬರುತ್ತದೆ.

ಸದ್ಯಕ್ಕೆ ಅದರ ಉತ್ತರ ಪರೀಕ್ಷೆ. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದ ದಿನ 1993ರ ಏಪ್ರಿಲ್ 24. ಹನ್ನೊಂದನೇ ಅನುಸೂಚಿಯಲ್ಲಿರುವ ವಿಷಯಗಳು 29. ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆ ಜಾರಿಗೆ ಬಂದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಹುದ್ದೆಗೆ ಓದುವವರಿಗೆ ಇವೆಲ್ಲ ಕಂಠಪಾಠ. ಇದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಸರ್ಕಾರಿ ಕೆಲಸ ಒಂದು ಮನೆಯ ಬದುಕನ್ನೇ ಬದಲಿಸಬಲ್ಲದು. ಆದರೆ ಕೆಲಸ ಸಿಗುವವರು ಕೆಲವರು, ಓದಿದವರು ಅನೇಕರು. ಉಳಿದವರ ಓದು ಎಲ್ಲಿ ಹೋಗುತ್ತದೆ?

ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ನೋಡಬೇಕು. ಈ ನೆಲದಲ್ಲಿ ಕಾನೂನು ಬಲ್ಲವರ ಮತ್ತು ಅರಿಯದವರ ನಡುವೆ ಎಷ್ಟು ದೊಡ್ಡ ಕಂದರ ಇತ್ತೆಂಬುದಕ್ಕೆ ಸಾಕ್ಷಿಗಾಗಿ ದೂರ ಹುಡುಕಬೇಕಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಿರಿಯರು ಇಂದಿಗೂ ‘ಮಸೂದೆ’ ಎಂದರೆ ಸಾಕು, ಯಾವ ಮಸೂದೆ ಎಂದು ಯಾರೂ ಕೇಳುವುದಿಲ್ಲ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಉಳುತ್ತಿದ್ದ ಒಕ್ಕಲು ಅದಕ್ಕೆ ಅರ್ಜಿ ಹಾಕಬೇಕಾಯಿತು. ಆ ಅರ್ಜಿಯೇ ಏಳನೇ ನಮೂನೆ, ಜನರ ಬಾಯಲ್ಲಿ ‘ಡಿಕ್ಲರೇಶನ್’. ಅದನ್ನು ಹಾಕಲು ಕೊನೆಯ ದಿನ 1979ರ ಜೂನ್ 30.

ತಲೆಮಾರುಗಳಿಂದ ಗದ್ದೆ ಉತ್ತವರ ಹಕ್ಕು ಕೊನೆಗೆ ಒಂದು ಹಾಳೆಗೆ ಬಂದು ನಿಂತಿತು. ಸರ್ವೆ ನಂಬರು ಗೊತ್ತಿರಬೇಕು, ಗೇಣಿ ಕೊಟ್ಟದ್ದಕ್ಕೆ ಚೀಟಿ ಬೇಕು, ಭೂ ನ್ಯಾಯಮಂಡಳಿಯ ಮುಂದೆ ನಿಂತು ಮಾತಾಡಬೇಕು. ಮೊದಲಿಗೆ ಅಲ್ಲಿ ವಕೀಲರಿಗೆ ಅವಕಾಶವೂ ಇರಲಿಲ್ಲ. ಬಡವನಿಗೆ ಖರ್ಚಾಗಬಾರದು, ಧಣಿಯ ವಕೀಲನ ಎದುರು ಅವನು ತಬ್ಬಿಬ್ಬಾಗಬಾರದು ಎಂಬುದು ಅದರ ಹಿಂದಿನ ಕಾಳಜಿ ಎಂದುಕೊಳ್ಳುತ್ತೇನೆ. ಹಾಗಿದ್ದರೂ ಅಕ್ಷರ ಬಾರದವನಿಗೆ ಯಾರಾದರೊಬ್ಬರು ಬೇಕೇ ಬೇಕಾಗಿತ್ತು. ಅರ್ಜಿ ಬರೆದುಕೊಟ್ಟು, ತಾಲೂಕು ಕಚೇರಿಗೆ ಜೊತೆಯಲ್ಲಿ ಬಂದು, ಒಂದು ಲೋಟ ಚಹಾ ಕುಡಿದು ಮನೆಗೆ ಹೋದವರು ಆ ಕಾಲದಲ್ಲಿ ಇದ್ದರು. ಈ ಜಿಲ್ಲೆಯಲ್ಲಿ ಆ ಕಾನೂನು ಗಟ್ಟಿಯಾಗಿ ಜಾರಿಯಾದದ್ದಕ್ಕೆ ರೈತ ಸಂಘಟನೆಯಷ್ಟೇ ಅಂಥವರೂ ಕಾರಣ. ಗಡುವಿನೊಳಗೆ ಅರ್ಜಿ ಹಾಕದೆ ಉಳಿದವರೂ ಇದ್ದರು. ಧಣಿಯ ದಾಕ್ಷಿಣ್ಯಕ್ಕೆ, ಹೆದರಿಕೆಗೆ, ಎಲ್ಲಕ್ಕಿಂತ ಹೆಚ್ಚಾಗಿ ಗೊತ್ತಿಲ್ಲದ್ದಕ್ಕೆ. ಹಾಗೆ ತಪ್ಪಿಹೋದವರಿಗೆಂದು ಸರ್ಕಾರ ಸುಮಾರು ಎರಡು ದಶಕಗಳ ನಂತರ 7ಎ ನಮೂನೆಯನ್ನು ತರಬೇಕಾಯಿತು. ಎರಡು ದಶಕವೆಂದರೆ ಒಂದು ಮನೆಯ ಮಕ್ಕಳು ಹುಟ್ಟಿ, ಬೆಳೆದು, ಜಾಗವಿಲ್ಲದೆ ಮುಂಬೈಗೋ ದುಬೈಗೋ ಹೊರಟುಹೋಗುವಷ್ಟು ಕಾಲ.

ಅದಕ್ಕೂ ಹಿಂದೆ ಈ ತಿಳಿವಳಿಕೆ ಪಟೇಲ, ಶಾನುಭೋಗರ ಮನೆಯ ಸ್ವತ್ತಾಗಿತ್ತು. ಪಹಣಿ, ಕಡತ, ಚಕ್ಕುಬಂದಿ ಎಲ್ಲ ಒಂದೇ ಮನೆಯಲ್ಲಿ. ಅವರಲ್ಲಿ ನ್ಯಾಯವಂತರೂ ಇದ್ದರು, ಆದರೆ ಊರಿನ ನ್ಯಾಯ ಒಬ್ಬರ ಗುಣದ ಮೇಲೆ ನಿಲ್ಲಬಾರದು. ವಂಶಪಾರಂಪರ್ಯದ ಆ ಹುದ್ದೆಗಳನ್ನು ರದ್ದುಮಾಡುವ ಕಾಯಿದೆ 1961ರಲ್ಲಿ ಬಂತು. ಹುದ್ದೆ ಹೋಯಿತು, ಅದರ ಜಾಗ ಖಾಲಿಯಾಗಿ ಉಳಿಯಲಿಲ್ಲ. ಇಂದು ಮನೆ ಕಟ್ಟಲು, ಸಾಲ ತೆಗೆಯಲು, ಜಾಗ ಬರೆಸಿಕೊಡಲು ಪಂಚಾಯತಿನ ‘ನೈನ್ ಇಲೆವೆನ್’ ಬೇಕು. 9 ಮತ್ತು 11ನೇ ನಮೂನೆಗಳನ್ನು ನಮ್ಮ ಜಿಲ್ಲೆಯವರು ಕರೆಯುವುದೇ ಹಾಗೆ. ಇ-ಸ್ವತ್ತು ಬಂದು ಎಲ್ಲವೂ ಕಂಪ್ಯೂಟರಿಗೆ ಏರಿದೆ. ಆದರೂ ಬಿ.ಸಿ. ರೋಡಿಗೆ ಬಸ್ಸು ಹತ್ತುವ ಮುದುಕಿಗೆ ‘ಒಬ್ಬರನ್ನು ಹಿಡಿಯಬೇಕು’ ಎಂಬ ಮಾತು ತಪ್ಪಿಲ್ಲ.

ಮೊಬೈಲಿನಲ್ಲಿ ಸ್ಥಳೀಯ ಸರ್ಕಾರದ ಪಾಠ ಓದುವ ಹುಡುಗ ಹುಡುಗಿಯರು ನಿಂತಿರುವುದು ಈ ಎರಡು ದಾರಿ ಕೂಡುವಲ್ಲಿ. ಅವರು ಡಿಕ್ಲರೇಶನ್ ಬರೆದುಕೊಟ್ಟವರ ಸಾಲಿಗೆ ಸೇರಬಹುದು, ಹೊಸ ಶಾನುಭೋಗರೂ ಆಗಬಹುದು. ಎರಡಕ್ಕೂ ಬೇಕಾದ ತಿಳಿವಳಿಕೆ ಒಂದೇ. ನೆರೆಮನೆಯ ದೊಡ್ಡಮ್ಮ ಕಾಗದ ಹಿಡಿದು ಬಂದಾಗ ‘ನೀವು ಸುಮ್ಮನೆ ಕೂತಿರಿ, ನಾನು ಮಾಡಿಸಿಕೊಡುತ್ತೇನೆ’ ಎನ್ನುವುದು ಸುಲಭ, ಕೇಳುವುದಕ್ಕೂ ಹಿತ. ಲಂಚವಿಲ್ಲ, ದುರಾಸೆಯಿಲ್ಲ, ಬರೀ ಒಳ್ಳೆಯತನ. ಆದರೂ ಮುಂದಿನ ಕಾಗದಕ್ಕೆ ಅವರು ಮತ್ತೆ ಬರಬೇಕು, ಅದರ ಮುಂದಿನದಕ್ಕೂ ಬರಬೇಕು. ಚುನಾವಣೆ ಬಂದಾಗ ಯಾರಿಗೆ ಓಟು ಹಾಕಲಿ ಎಂದೂ ಕೇಳುತ್ತಾರೆ. ‘ದೊಡ್ಡಮ್ಮ, ಇದನ್ನು ಕೊಡಬೇಕಾದದ್ದು ಪಂಚಾಯತ್. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ತೆಗೆದುಕೊಳ್ಳಿ. ಮನೆ ಮಂಜೂರಾತಿಯ ಪಟ್ಟಿ ಗ್ರಾಮಸಭೆಯಲ್ಲಿ ತೀರ್ಮಾನವಾಗುತ್ತದೆ, ಆ ದಿನ ನಾವಿಬ್ಬರೂ ಹೋಗೋಣ’ ಎಂದು ಕೂತು ಹೇಳಲು ಅರ್ಧ ದಿನ ಬೇಕು, ತಾಳ್ಮೆ ಬೇಕು, ನಾಳೆ ಅವರಿಗೆ ತನ್ನ ಅಗತ್ಯ ಬೀಳದಿದ್ದರೂ ಸಂತೋಷವೇ ಎನ್ನುವ ಮನಸ್ಸು ಬೇಕು. ಕೊನೆಯದ್ದು ಎಲ್ಲಕ್ಕಿಂತ ಕಷ್ಟ. ಉಪಕಾರ ಮಾಡುವವರಿಗೆ ಬೇಕಾದವರಾಗಿ ಉಳಿಯುವ ಆಸೆ ಹಣದ ಆಸೆಗಿಂತ ಆಳದ್ದು.

ಪರದೆಯ ಪಾಠವೆಂದರೆ ನಿಜವಾದ ಓದಲ್ಲ ಎನ್ನುವವರ ಜೊತೆ ನಾನಿಲ್ಲ. ಅಂಥ ಪಾಠ ಫಲ ಕೊಟ್ಟ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಗ್ರಾಮೀಣಾಭಿವೃದ್ಧಿ ಸಚಿವರಾಗಿ ಊರೂರಿಗೆ ಕೊಳವೆಬಾವಿ ಕೊಟ್ಟು ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರು 1983ರ ಪಂಚಾಯತ್ ಕಾಯಿದೆಯ ಬೆನ್ನೆಲುಬು. ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ 1987ರಲ್ಲಿ ಚುನಾವಣೆ ನಡೆದಾಗ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ಮುಂದೆ ಅದು ಮೂರನೇ ಒಂದಾಗಿ, 2010ರಲ್ಲಿ ಅರ್ಧಕ್ಕೆ ಏರಿತು. ಅಂಗಳ ದಾಟಿ ಸಭೆಗೆ ಬಂದ ಅಷ್ಟು ಸದಸ್ಯೆಯರಿಗೆ ಕಾಯಿದೆ ಹೇಳಿಕೊಡುವುದು ಹೇಗೆ? ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನಲ್ಲಿರುವ ಸಂಸ್ಥೆ ಉಪಗ್ರಹದ ಮೂಲಕ ಪಾಠ ಮಾಡಿತು. ಸದಸ್ಯರು ತಮ್ಮ ತಾಲೂಕಿನಲ್ಲೇ ಕೂತು ಟಿವಿ ನೋಡಿದರು, ಫೋನಿನಲ್ಲಿ ಪ್ರಶ್ನೆ ಕೇಳಿದರು. ಆ ಪಾಠ ಫಲ ಕೊಟ್ಟದ್ದು ಏಕೆಂದರೆ ಕೇಳಿದ್ದನ್ನು ಪ್ರಯೋಗಿಸಲು ಅವರಿಗೊಂದು ಸಭೆ ಇತ್ತು. ಮುಂದಿನ ವಾರ ಅಧ್ಯಕ್ಷರ ಎದುರು ‘ನಡಾವಳಿ ಓದಿ ಹೇಳಿ’ ಎನ್ನಲು ಅವರಿಗೆ ಧೈರ್ಯ ಬಂದಿತ್ತು.

ಪದವಿಗೆ ಓದುವವರಿಗೂ ಅಂಥ ಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು, ಅದಕ್ಕೆ ಗೆದ್ದು ಬರಬೇಕಾಗಿಲ್ಲ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಅಲ್ಲಿ ಹೋದವರಿಗೆ ಪುಸ್ತಕದ ಚಿತ್ರಕ್ಕಿಂತ ಊರಿನ ಚಿತ್ರ ಜಟಿಲ ಎಂಬುದೂ ಕಾಣುತ್ತದೆ. ಕಲ್ಲಡ್ಕದ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75 ಕೇಂದ್ರದ್ದು. ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷಗಳಲ್ಲಿ ಮಳೆಗಾಲದ ಕೆಸರು, ಬೇಸಿಗೆಯ ಧೂಳು ಅಂಗಡಿಯವರ, ಶಾಲೆ ಮಕ್ಕಳ ಪಾಲಿಗೆ ಬಂತು. ಊರವರ ಸಿಟ್ಟಿಗೆ ಕೈಗೆ ಸಿಕ್ಕುತ್ತಿದ್ದವರು ಪಂಚಾಯತ್ ಸದಸ್ಯರು, ಅವರ ಕೈಯಲ್ಲೋ ಆ ರಸ್ತೆಯ ಅಧಿಕಾರವೇ ಇರಲಿಲ್ಲ. ಮಂಗಳೂರು ನಗರ ಕುಡಿಯುವ ನೀರಿನ ತುಂಬೆ ಅಣೆಕಟ್ಟು ಇರುವುದೂ ಬಂಟ್ವಾಳ ತಾಲೂಕಿನಲ್ಲೇ. ನದಿ ಹಳ್ಳಿಯ ಪಕ್ಕ, ನಲ್ಲಿ ನಗರದ್ದು. ಯಾರನ್ನು ಯಾವುದಕ್ಕೆ ಕೇಳಬೇಕೆಂದು ತಿಳಿಯುವುದೇ ಅರ್ಧ ನಾಗರಿಕತನ. ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಎಷ್ಟನ್ನು, ಎಷ್ಟು ಹಣದೊಂದಿಗೆ ಕೆಳಗೆ ಬಿಟ್ಟುಕೊಡಬೇಕೆಂಬುದನ್ನು ಸಂವಿಧಾನ ರಾಜ್ಯಕ್ಕೇ ಬಿಟ್ಟಿದೆ. ರಾಜ್ಯ ಸರ್ಕಾರವನ್ನು ಅರಿಯದೆ ಪಂಚಾಯತನ್ನು ದೂರುವುದು ಅನ್ಯಾಯ.

ಪಾಠದಲ್ಲಿ ಒಂದು ಸಾಲು ಎಲ್ಲರೂ ಬರೆದುಕೊಳ್ಳುತ್ತಾರೆ: ಕರ್ನಾಟಕದಲ್ಲಿ ಮೂರು ಹಂತದ ಪಂಚಾಯತ್ ವ್ಯವಸ್ಥೆ ಇದೆ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ. ಜಿಲ್ಲಾ ಮತ್ತು ತಾಲೂಕು ಪಂಚಾಯತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಅವಧಿ 2021ರಲ್ಲಿ ಮುಗಿಯಿತು. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ನಾಲ್ಕು ವರ್ಷ ದಾಟಿದರೂ ಹೊಸ ಸದಸ್ಯರು ಬರಲಿಲ್ಲ, ಆಡಳಿತ ಅಧಿಕಾರಿಗಳ ಕೈಗೆ ಹೋಯಿತು. 2016ರ ಆ ಫೆಬ್ರವರಿಯಲ್ಲಿ ಹದಿನೇಳರಲ್ಲಿದ್ದವರು ಇಪ್ಪತ್ತೈದು ದಾಟುವಾಗಲೂ ಜಿಲ್ಲಾ ಪಂಚಾಯತಿಗೆ ಒಮ್ಮೆಯೂ ಓಟು ಹಾಕಿರಲಿಲ್ಲ. ಇಂದು ಮೊಬೈಲಿನಲ್ಲಿ ಈ ಪಾಠ ಓದುತ್ತಿರುವವರೂ ಹೆಚ್ಚುಕಡಿಮೆ ಅದೇ ವಯಸ್ಸಿನವರು. ಮೂರು ಹಂತದಲ್ಲಿ ಎರಡು ಹಂತಕ್ಕೆ ಜನರ ಪ್ರತಿನಿಧಿಗಳಿಲ್ಲದೆ ಇಷ್ಟು ವರ್ಷ ಏಕೆ ಕಳೆಯಿತು ಎಂದು ಅವರು ಅಸೈನ್‌ಮೆಂಟಿನಲ್ಲಿ ಬರೆಯಲಿ. ಅಷ್ಟಕ್ಕೆ ನಿಲ್ಲಿಸದೆ, ಮುಂದಿನ ಗ್ರಾಮಸಭೆಗೆ ದೊಡ್ಡಮ್ಮನನ್ನು ಕರೆದುಕೊಂಡು ಹೋಗಿ, ಆ ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ ಎಂದು ಎದ್ದು ನಿಂತು ಕೇಳಲಿ.